ಕವಿತಾಳದ ಹಾದಿಯಲ್ಲಿ ಅಂಕಿತವಿಲ್ಲದ ಹಾಡುಗಳು

ಕವಿತಾಳ ಎಂಬ ಹೆಸರನ್ನು ಮೊದಲ ಸಲ ಕೇಳಿದವನ ಕಿವಿಗೆ ಕವಿಯೂ ತಾಳವೂ ಜೊತೆಯಾಗಿಯೇ ಕೇಳಿಸುತ್ತವೆ. ಇದು ಕಿವಿಯ ವಿನೋದವೇ ಹೊರತು ಸ್ಥಳನಾಮದ ಶಾಸ್ತ್ರವಲ್ಲ. ಆದರೂ ರಾಯಚೂರಿನಿಂದ ಪಶ್ಚಿಮಕ್ಕೆ, ಲಿಂಗಸುಗೂರಿನ ಕಡೆಗೆ ಹೊರಟ ಬಸ್ಸು ಸಿರವಾರವನ್ನು ದಾಟಿ ಈ ಊರನ್ನು ಸಮೀಪಿಸಿದಂತೆಲ್ಲ, ಹೆಸರು ಅಷ್ಟೇನೂ ಸುಳ್ಳಲ್ಲವೆಂಬ ಭಾವನೆ ಪ್ರಯಾಣಿಕನಲ್ಲಿ ಬಲಿಯುತ್ತ ಹೋಗುತ್ತದೆ. ಏಕೆಂದರೆ ಇದು ಹಾಡಿನ ಸೀಮೆ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಎರಡು ಹೊಳೆಗಳ ಸಂಪತ್ತಿಗಾಗಿ ವಿಜಯನಗರದವರೂ ಬಹಮನಿಯವರೂ ಬಿಜಾಪುರದವರೂ ಇಲ್ಲಿ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅನಂತರ ನಿಜಾಮರ ಆಳ್ವಿಕೆ, 1948ರಲ್ಲಿ ಅದರ ಅಂತ್ಯ, 1956ರಲ್ಲಿ ಕನ್ನಡನಾಡಿನ ಏಕೀಕರಣ. ದೊರೆಗಳು ಬದಲಾದಂತೆ ಕಚೇರಿಯ ಭಾಷೆ ಬದಲಾಯಿತು. ಹೊಲದ ಭಾಷೆ ಬದಲಾಗಲಿಲ್ಲ. ಕನ್ನಡದ ಬೆನ್ನಿಗೇ ತೆಲುಗು, ದಖನಿ, ಲಂಬಾಣಿ ಮಾತುಗಳು ಇಲ್ಲಿನ ಸಂತೆಯಲ್ಲಿ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಕವಿತಾಳ ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿತ್ತು. ಈಗ ಹೊಸದಾದ ಸಿರವಾರ ತಾಲ್ಲೂಕಿನ ಒಂದು ಪುಟ್ಟ ಪಟ್ಟಣ. ಸುತ್ತಲೂ ಎರೆಭೂಮಿ, ಹತ್ತಿ, ಜೋಳ, ತೊಗರಿ. ನಡುನಡುವೆ ಯಾರೋ ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿಗಳ ಪರಿಮಳವೇ ಬಸ್ಸಿನಿಂದಿಳಿದವನನ್ನು ಮೊದಲು ಸ್ವಾಗತಿಸುವುದು. ನೋಡುವುದಕ್ಕೆಂದು ಬಂದವನಿಗೆ ಇಂಥ ಊರಿನಲ್ಲಿ ಅರ್ಧ ದಿನ ಸಾಕು. ಕೇಳುವುದಕ್ಕೆಂದು ಬಂದವನಿಗೆ ಮಾತ್ರ ಒಂದು ವರ್ಷವೂ ಸಾಲದು.

ಆದರೆ ಕೇಳಬೇಕಾದ ಹಾಡುಗಳಲ್ಲಿ ಎಷ್ಟೋ ಇಂದು ಹಾಡುವವರ ಗಂಟಲಿನಲ್ಲಿಲ್ಲ. ಅವು ಗೋಡೆಯ ಗೂಡುಗಳಲ್ಲಿ, ಅಟ್ಟದ ಮೇಲಿನ ಟ್ರಂಕುಗಳಲ್ಲಿ, ಮುಚ್ಚಳ ಒಡೆದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕಂದುಬಣ್ಣದ ತೆಳುವಾದ ಪಟ್ಟಿಯಾಗಿ ಸುತ್ತಿಕೊಂಡು ಮಲಗಿವೆ. ಎಡೆದೊರೆ ನಾಡಿನ ಹಾಡಿನ ಕಥೆಯಲ್ಲಿ ಇದೀಗ ತಲಪಿರುವ ಅಧ್ಯಾಯ ಈ ಸುರುಳಿಗಳದು. ಅವಸರದ ಅಧ್ಯಾಯವೂ ಇದೇ.

ಬೀಸುಕಲ್ಲಿನಿಂದ ಅಲಾಯಿ ಕುಣಿಯವರೆಗೆ

ಈ ಸೀಮೆಯ ಹಾಡಿನ ವೈವಿಧ್ಯವನ್ನು ಅರಿಯಬೇಕಾದರೆ ಒಂದು ವರ್ಷದ ಪಂಚಾಂಗವನ್ನೇ ತಿರುವಿಹಾಕಬೇಕು. ಮಳೆ ತಡೆದರೆ ಸೆಗಣಿಯ ಗುರ್ಚಿಯನ್ನು ಹೊತ್ತು ಮನೆಮನೆಯ ಮುಂದೆ ನಿಲ್ಲುವವರ ಹಾಡು. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಶ್ರಾವಣ ಬಂತೆಂದರೆ ಗುಡಿಗುಡಿಗಳಲ್ಲಿ ಇರುಳೆಲ್ಲ ಭಜನೆ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರನ ಹಾಡು. ಮದುವೆಯ ಮನೆಯಲ್ಲಿ ಸೋಬಾನೆ, ತೊಟ್ಟಿಲ ಬಳಿ ಜೋಗುಳ, ಸಾವಿನ ಮನೆಯಲ್ಲಿ ಅಳುವೇ ಹಾಡಾಗುವ ಪದ. ತಾಂಡಾಗಳಲ್ಲಿ ದೀಪಾವಳಿಯ ಲಂಬಾಣಿ ಹಾಡು. ಬುಡ್ಗ ಜಂಗಮರು ಬುರ್ರವನ್ನು ಹೆಗಲಿಗೇರಿಸಿ ರಾತ್ರಿಯಿಡೀ ಕಟ್ಟುವ ಕಥನ.

ಚಾಂದ್ರಮಾನದ ಲೆಕ್ಕದಲ್ಲಿ ವರ್ಷವರ್ಷವೂ ಹಿಂದೆ ಸರಿಯುತ್ತ ಬರುವ ಮೊಹರಂ ಈ ಜಿಲ್ಲೆಯಲ್ಲಿ ಒಂದು ಮತದವರ ಹಬ್ಬವೆಂದು ಯಾರೂ ಹೇಳುವಂತಿಲ್ಲ. ಲಿಂಗಸುಗೂರಿನಾಚೆಯ ಮುದಗಲ್ಲಿನ ಮೊಹರಮ್ಮಿಗೆ ದೂರದೂರದಿಂದ ಜನ ನೆರೆಯುತ್ತಾರೆ. ಚಿಕ್ಕ ಊರುಗಳಲ್ಲಿಯೂ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಮುಸಲ್ಮಾನರೂ ಕೈಹಿಡಿದು ಹೆಜ್ಜೆ ಹಾಕುತ್ತ ರಿವಾಯತ್ ಪದಗಳನ್ನು ಹಾಡುತ್ತಾರೆ. ಕರ್ಬಲಾದ ಮರಳುಗಾಡಿನಲ್ಲಿ ನೀರಿಗಾಗಿ ಬಾಯಾರಿದ ಹಸನ್ ಹುಸೇನರ ಮನೆತನದ ದುಃಖವನ್ನು, ಬರಗಾಲದ ಬಾಯಾರಿಕೆಯನ್ನು ಸ್ವಂತವಾಗಿ ಬಲ್ಲ ಒಕ್ಕಲು ಮಕ್ಕಳು ಅಚ್ಚ ಕನ್ನಡದಲ್ಲಿ ಹಾಡುವುದನ್ನು ಒಮ್ಮೆ ಕೇಳಿದವನು ಮರೆಯಲಾರನು.

ಇವೆಲ್ಲಕ್ಕೂ ಅಡಿಪಾಯವೆಂಬಂತೆ ಇರುವುದು ತತ್ತ್ವಪದ. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರು ಮೊದಲಾದವರ ಪದಗಳು ರಾಯಚೂರು ಜಿಲ್ಲೆಯ ಭಜನಾಮೇಳಗಳಲ್ಲಿ ಇಂದಿಗೂ ಜೀವಂತವಾಗಿವೆ. ಏಕತಾರಿ, ದಮ್ಮಡಿ, ತಾಳ, ಅನುಕೂಲವಿದ್ದಲ್ಲಿ ಹಾರ್ಮೋನಿಯಂ, ತಬಲ. ಇಷ್ಟೇ ಅವರ ಸರಂಜಾಮು. ಹಗಲು ಹತ್ತಿ ಬಿಡಿಸಿದ ಕೈ ರಾತ್ರಿ ತಾಳ ಹಿಡಿಯುತ್ತದೆ. ಅಕ್ಷರ ಬಾರದವರ ನಾಲಗೆಯ ಮೇಲೆ ನೂರಾರು ಪದಗಳು ಸಾಲುತಪ್ಪದೆ ನಿಂತಿರುತ್ತವೆ.

ದಾಸಸಾಹಿತ್ಯದ ಚರಿತ್ರೆಯಲ್ಲಿಯೂ ಈ ನೆಲದ ಪಾಲು ಸಣ್ಣದಲ್ಲ. ವಿಜಯದಾಸರು (1682-1755) ಹುಟ್ಟಿದ ಚೀಕಲಪರವಿ ಮಾನ್ವಿ ತಾಲ್ಲೂಕಿನದು. ಅವರ ಶಿಷ್ಯರಾದ ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಗೋಪಾಲದಾಸರ ಶಿಷ್ಯರೂ ‘ಹರಿಕಥಾಮೃತಸಾರ’ದ ಕರ್ತೃಗಳೂ ಆದ ಜಗನ್ನಾಥದಾಸರು (1728-1809) ಹುಟ್ಟಿದ ಬ್ಯಾಗವಾಟ ಮತ್ತೆ ಹಳೆಯ ಮಾನ್ವಿ ತಾಲ್ಲೂಕಿನದೇ. ಗುರುವು ಶಿಷ್ಯನಿಗೆ ಅಂಕಿತ ಕೊಡುವುದು, ಶಿಷ್ಯನು ತಾನು ಕಟ್ಟಿದ ಪ್ರತಿಯೊಂದು ಹಾಡಿನ ಕೊನೆಗೂ ಆ ಅಂಕಿತವನ್ನು ಮುದ್ರೆಯಾಗಿ ಒತ್ತುವುದು, ಇದು ಇವರ ಸಂಪ್ರದಾಯ. ತತ್ತ್ವಪದಕಾರರೂ ಗುರುವಿನ ಅಥವಾ ಇಷ್ಟದೈವದ ಹೆಸರನ್ನು ಕಡೆಯ ನುಡಿಯಲ್ಲಿ ನೆನೆಯದೆ ಪದವನ್ನು ಮುಗಿಸರು. ಹಾಡು ಎಷ್ಟು ಬಾಯಿಗಳನ್ನು ದಾಟಿ ಬಂದರೂ ಕಟ್ಟಿದವನ ಗುರುತು ಅಳಿಯದಂತೆ ಕಾಪಾಡಿದ್ದು ಈ ಅಂಕಿತ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವುಂಟು.

ಹೆಂಗಸರ ಹಾಡಿಗೆ ಮಾತ್ರ ಈ ಭಾಗ್ಯವಿರಲಿಲ್ಲ. ಬೀಸುವ ಪದವನ್ನು ಕಟ್ಟಿದವಳು ಯಾರು? ಸೋಬಾನೆಯ ಸೊಲ್ಲಿಗೆ ಹೊಸ ನುಡಿ ಜೋಡಿಸಿದವಳು ಯಾರು? ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರು ‘ಗರತಿಯ ಹಾಡು’ ಸಂಗ್ರಹವನ್ನು 1931ರಲ್ಲಿ ಪ್ರಕಟಿಸಿದಾಗ ಕನ್ನಡಿಗರು ಆ ಸೊಗಸಿಗೆ ಬೆರಗಾದರು. ನುಡಿ ಉಳಿಯಿತು. ಆದರೆ ಕಾಗದಕ್ಕೆ ಕಿವಿಯಿಲ್ಲ. ಧಾಟಿಯನ್ನೂ ಉಸಿರನ್ನೂ ಕಲ್ಲಿನ ಗರಗರ ಸದ್ದನ್ನೂ ಅದು ಹಿಡಿದಿಡಲಾರದು. ಹಿಟ್ಟಿನ ಗಿರಣಿ ಊರಿಗೆ ಬಂತು, ಬೀಸುಕಲ್ಲು ನಿಂತಿತು, ಕಲ್ಲಿನೊಡನೆ ಪದವೂ ನಿಂತಿತು. ಈಗ ಅದನ್ನು ಕೇಳಬೇಕೆಂದರೆ, ಕಲ್ಲು ನಿಲ್ಲುವ ಮೊದಲು ಯಾರಾದರೂ ಧ್ವನಿಮುದ್ರಿಸಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಡಬ್ಬಿಯೊಳಗೆ ಬಂದ ಕಾಲ

ಹಳ್ಳಿಯ ಹಾಡನ್ನು ಯಂತ್ರದಲ್ಲಿ ಹಿಡಿಯುವ ಕೆಲಸ ಬಹುಕಾಲ ವಿದ್ವಾಂಸರಿಗೂ ಆಕಾಶವಾಣಿಗೂ ಮೀಸಲಾಗಿತ್ತು. ಧಾರವಾಡದಲ್ಲಿ 1950ರಲ್ಲಿಯೂ ಕಲಬುರಗಿಯಲ್ಲಿ 1966ರಲ್ಲಿಯೂ ಬಾನುಲಿ ಕೇಂದ್ರಗಳು ಆರಂಭವಾದ ಮೇಲೆ ಉತ್ತರದ ಜಿಲ್ಲೆಗಳ ಹಾಡುಗಾರರಿಗೆ ಧ್ವನಿವರ್ಧಕದ ಮುಂದೆ ನಿಲ್ಲುವ ಅವಕಾಶ ದೊರೆಯಿತು. ಆದರೆ ಆ ದೊಡ್ಡ ಸುರುಳಿಯ ಯಂತ್ರಗಳು ಭಾರವಾದವು, ಬೆಲೆಯುಳ್ಳವು. ಹಳ್ಳಿಗನ ಕೈಗೆ ನಿಲುಕುವಂಥವಲ್ಲ.

ಇದನ್ನು ಬದಲಿಸಿದ್ದು ಅಂಗೈಯಗಲದ ಒಂದು ಡಬ್ಬಿ. ಫಿಲಿಪ್ಸ್ ಕಂಪನಿಯ ಲೂ ಓಟೆನ್ಸ್ ಎಂಬ ಡಚ್ ಇಂಜಿನಿಯರನ ತಂಡ ಬೆಲ್ಜಿಯಂ ದೇಶದ ಹಾಸೆಲ್ಟಿನಲ್ಲಿ ರೂಪಿಸಿದ ಕ್ಯಾಸೆಟ್ಟು 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಭಾರತದಲ್ಲಿ ಅದು ಮನೆಮಾತಾದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ ಮತ್ತು ಎಂಬತ್ತರ ದಶಕದಲ್ಲಿ. ಗ್ರಾಮಫೋನು ತಟ್ಟೆಗಳ ಕಾಲದಲ್ಲಿ ಒಂದೆರಡು ದೊಡ್ಡ ಕಂಪನಿಗಳ ಹಿಡಿತದಲ್ಲಿದ್ದ ಸಂಗೀತದ ವ್ಯಾಪಾರ ಕ್ಯಾಸೆಟ್ಟಿನಿಂದಾಗಿ ನೂರಾರು ಸಣ್ಣ ತಯಾರಕರ ಕೈಗೆ ಹಂಚಿಹೋಯಿತು; ಪ್ರಾದೇಶಿಕ ಹಾಡುಗಳಿಗೆ ಮಾರುಕಟ್ಟೆ ಹುಟ್ಟಿತು. ಉತ್ತರ ಭಾರತದ ಮಟ್ಟಿಗೆ ಈ ಪರಿವರ್ತನೆಯನ್ನು ಪೀಟರ್ ಮ್ಯಾನ್ಯುಯೆಲ್ ಎಂಬ ವಿದ್ವಾಂಸರು 1993ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ.

ಆದರೆ ಅಂಗಡಿಯ ಕ್ಯಾಸೆಟ್ಟಿಗಿಂತ ದೊಡ್ಡ ಸಂಗತಿ ಖಾಲಿ ಕ್ಯಾಸೆಟ್ಟು. ಮೊಟ್ಟಮೊದಲ ಬಾರಿಗೆ, ಹಾಡಿದ ಊರೇ ತನ್ನ ಹಾಡನ್ನು ತಾನೇ ಮುದ್ರಿಸಿಕೊಳ್ಳುವಂತಾಯಿತು. ಕೆಂಪು ಗುಂಡಿಯೊಂದನ್ನು ಒತ್ತಿ ಹಾರ್ಮೋನಿಯಮ್ಮಿನ ಪಕ್ಕದಲ್ಲಿ ಟೇಪ್ ರೆಕಾರ್ಡರನ್ನಿಟ್ಟರೆ ಸಾಕು. ಶ್ರಾವಣದ ಭಜನೆ, ಮೊಹರಮ್ಮಿನ ಕೊನೆಯ ರಾತ್ರಿ, ತಂಗಿಯ ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆ, ಎಲ್ಲವೂ ಡಬ್ಬಿಯೊಳಗೆ ಬಂದವು. ವಿದ್ವಾಂಸನಾದರೆ ಸದ್ದು ಅಡಗಿಸಿ ಮುದ್ರಿಸುತ್ತಿದ್ದ. ಮನೆಯವರಿಗೆ ಆ ಯೋಚನೆಯೇ ಇರಲಿಲ್ಲ. ಆದ್ದರಿಂದಲೇ ಆ ಸುರುಳಿಗಳಲ್ಲಿ ಹಾಡಿನ ಜೊತೆಗೆ ಕೂಸಿನ ಅಳು, ಎತ್ತಿನ ಗಂಟೆ, ಚಹಾ ತಂದವನ ಮಾತು, ನುಡಿ ಮರೆತವನಿಗೆ ಹಿಂದಿನಿಂದ ಯಾರೋ ಎತ್ತಿಕೊಟ್ಟ ಸೊಲ್ಲು, ಇವೂ ಉಳಿದಿವೆ. ಒಂದು ಕಾಲದ ಗಾಳಿಯೇ ಅಲ್ಲಿ ಸುತ್ತಿಕೊಂಡಿದೆ ಎನ್ನಬೇಕು.

ಇಷ್ಟೆಲ್ಲವನ್ನೂ ಹೊತ್ತಿರುವ ಪಟ್ಟಿ ಎಂಥದು? ಅದರ ಅಗಲ 3.81 ಮಿಲಿಮೀಟರು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದ 18 ಪಾಲು. ತೊಂಬತ್ತು ನಿಮಿಷದ್ದಾದರೆ 12 ಪಾಲು. ನೂರಿಪ್ಪತ್ತು ನಿಮಿಷದ್ದಾದರೆ 9 ಪಾಲು ಮಾತ್ರ. ತಲೆಗೂದಲು ಇದಕ್ಕಿಂತ ಎಷ್ಟೋ ದಪ್ಪ. ಪಾಲಿಯೆಸ್ಟರಿನ ಈ ಪಟ್ಟಿಗೆ ಕಬ್ಬಿಣದ ತುಕ್ಕಿನಂಥ ಸೂಕ್ಷ್ಮ ಪುಡಿಯನ್ನು ಅಂಟಿನಿಂದ ಮೆತ್ತಿರುತ್ತಾರೆ. ಧ್ವನಿ ಆ ಪುಡಿಯಲ್ಲಿ ಕಾಂತಶಕ್ತಿಯ ಗುರುತಾಗಿ ಕೂರುತ್ತದೆ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಪಟ್ಟಿ ಸರಿಯುತ್ತದೆ. ಲೆಕ್ಕ ಹಾಕಿದರೆ, ಆರು ನಿಮಿಷದ ಒಂದು ತತ್ತ್ವಪದ ಸುಮಾರು 17 ಮೀಟರು ಉದ್ದವಾಯಿತು!

ಅಂಟು ತೇವವನ್ನು ಹೀರಿ ಮೆದುವಾಗುತ್ತದೆ; ಪುಡಿ ಉದುರಿ ಯಂತ್ರದ ತಲೆಗೆ ಮೆತ್ತುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಸುತ್ತಿನ ಮೇಲೆ ಸುತ್ತಾಗಿ ವರ್ಷಗಟ್ಟಲೆ ಕುಳಿತಾಗ ಒಂದು ಸುತ್ತಿನ ಧ್ವನಿ ಮತ್ತೊಂದರ ಮೇಲೆ ಛಾಯೆಯಾಗಿ ಒತ್ತಿಕೊಂಡು, ಹಾಡು ಆರಂಭವಾಗುವ ಮೊದಲೇ ಅದರ ಪ್ರೇತಧ್ವನಿ ಕೇಳಿಸತೊಡಗುತ್ತದೆ. ಪಟ್ಟಿಯನ್ನು ಯಂತ್ರದ ತಲೆಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆಯ ಅಂಟು ಬಿಟ್ಟರೆ ಸ್ವರ ಮಂಕಾಗುತ್ತದೆ. ಧ್ವನಿಭಂಡಾರಗಳು ತಮ್ಮ ಸುರುಳಿಗಳನ್ನು ತಂಪಾದ, ಒಣ ಕೋಣೆಯಲ್ಲಿ ಇಡುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲಿಯೇ ಉಷ್ಣತೆ 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲಿನ ಟ್ರಂಕಿನಲ್ಲಿ ಎಷ್ಟೆಂದು ಬೇರೆ ಹೇಳಬೇಕೆ?

ಇವೆಲ್ಲಕ್ಕಿಂತ ಸಾಮಾನ್ಯವಾದ ಅಪಾಯ ಮತ್ತೊಂದುಂಟು. ಖಾಲಿ ಕ್ಯಾಸೆಟ್ಟಿಗೆ ಬಡತನದಲ್ಲಿ ಬೆಲೆಯಿತ್ತು. ಅಜ್ಜಿಯ ಹಾಡಿನ ಮೇಲೆಯೇ ಮೊಮ್ಮಗ ಸಿನಿಮಾ ಹಾಡನ್ನು ತುಂಬಿಸಿದ್ದಾನೆ. ಇದರಲ್ಲಿ ದುರುದ್ದೇಶ ಯಾರದೂ ಇಲ್ಲ. ಬೆನ್ನಂಚಿನ ಎರಡು ಪುಟ್ಟ ಚಕ್ಕೆಗಳನ್ನು ಮುರಿದುಹಾಕಿದ್ದರೆ ಮರುಮುದ್ರಣ ಆಗುತ್ತಲೇ ಇರಲಿಲ್ಲ. ಆದರೆ ಆ ಉಪಾಯವನ್ನು ಬಲ್ಲವರು ಕೆಲವರೇ.

ಮಸ್ಕಿಯ ಬಂಡೆ ಹೇಳುವ ಪಾಠ

ಕವಿತಾಳದಿಂದ ನೈರುತ್ಯಕ್ಕೆ ಹೊರಟರೆ ಹೆಚ್ಚು ಹೊತ್ತಾಗುವ ಮುನ್ನವೇ ಮಸ್ಕಿ ಸಿಕ್ಕುತ್ತದೆ. ಸುರುಳಿಗಳನ್ನು ನೋಡಿ ಮನಸ್ಸು ಭಾರವಾದವನು ಅಲ್ಲಿಗೆ ಹೋಗಲೇಬೇಕು. ಚಿನ್ನದ ಗಣಿಗಳ ಶೋಧನೆಯಲ್ಲಿದ್ದ ಬೀಡನ್ ಎಂಬ ಇಂಜಿನಿಯರನು 1915ರಲ್ಲಿ ಅಲ್ಲಿನ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡನು. ಅದು ಮೌರ್ಯ ಚಕ್ರವರ್ತಿಯ ಶಾಸನ; ಅದೇ ವರ್ಷ ವಿದ್ವಾಂಸ ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು.

ಆ ಬಂಡೆಯ ಹಿರಿಮೆ ಅದರ ಪ್ರಾಚೀನತೆಯಲ್ಲಿ ಮಾತ್ರ ಇಲ್ಲ. ಆ ವೇಳೆಗೆ ದೇಶದ ಉದ್ದಗಲಕ್ಕೂ ಅಂಥ ಶಾಸನಗಳು ದೊರೆತಿದ್ದವು; ಜೇಮ್ಸ್ ಪ್ರಿನ್ಸೆಪನು 1837ರಷ್ಟು ಹಿಂದೆಯೇ ಆ ಲಿಪಿಯನ್ನು ಓದಿದ್ದನು. ಆದರೆ ಎಲ್ಲೆಲ್ಲಿಯೂ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಹೊರತು ದೊರೆಯ ಹೆಸರಿರಲಿಲ್ಲ. ಆತನೇ ಅಶೋಕನೆಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. ಬಿರುದಿನೊಡನೆ ಅಶೋಕ ಎಂಬ ಹೆಸರು ಮೊದಲು ಕಾಣಿಸಿದ್ದು ಮಸ್ಕಿಯ ಬಂಡೆಯ ಮೇಲೆ. ಒಂದು ಹೆಸರು, ಅದರಿಂದ ಅಷ್ಟೂ ಬಂಡೆಗಳು, ಅಷ್ಟೂ ಕಂಬಗಳು ಯಾರವೆಂಬುದು ನಿಶ್ಚಯವಾಯಿತು.

ಎರಡು ಸಾವಿರದ ಇನ್ನೂರು ವರ್ಷ ಬಾಳಿದ ಕಲ್ಲಿಗೇ ಹೆಸರಿನ ಅಗತ್ಯ ಇಷ್ಟಿದ್ದರೆ, ನಲವತ್ತು ವರ್ಷಕ್ಕೇ ಸೊರಗುವ ಸುರುಳಿಯ ಗತಿಯೇನು? ಈ ಸೀಮೆಯ ಮನೆಗಳ ಕ್ಯಾಸೆಟ್ಟುಗಳ ಮೇಲಿನ ಚೀಟಿಗಳನ್ನು ಓದಿದರೆ ಉತ್ತರ ತಿಳಿಯುತ್ತದೆ. ‘ಭಜನಿ’ ಎಂದಷ್ಟೇ ಒಂದರ ಮೇಲೆ. ‘ಅಲಾಯಿ ಪದ, ಎರಡು’ ಎಂದು ಇನ್ನೊಂದರ ಮೇಲೆ. ಮತ್ತೊಂದರ ಮೇಲೆ ಶಾಯಿ ಅಳಿಸಿ ಏನೂ ಇಲ್ಲ. ಹಾಡು ಕಟ್ಟಿದವನ ಅಂಕಿತ ಕಡೆಯ ನುಡಿಯಲ್ಲಿ ಕೇಳಿಸುತ್ತದೆ. ಹಾಡಿದವರ ಹೆಸರು? ಅದು ಎಲ್ಲಿಯೂ ಇಲ್ಲ. ಆ ಊರಿನಲ್ಲಿ ಆಗ ಎಲ್ಲರಿಗೂ ಆ ಧ್ವನಿ ಗೊತ್ತಿತ್ತು. ಗೊತ್ತಿದ್ದುದನ್ನು ಯಾರು ಬರೆಯುತ್ತಾರೆ?

ಧ್ವನಿಮುದ್ರಣದ ಆರಂಭದ ಕಾಲದವರು ಈ ವಿಷಯದಲ್ಲಿ ಹೆಚ್ಚು ಜಾಣರಾಗಿದ್ದರು. ಕಲ್ಕತ್ತೆಯಲ್ಲಿ 1902ರಲ್ಲಿ ಗ್ರಾಮಫೋನು ತಟ್ಟೆಗೆ ಹಾಡಿದ ಗೌಹರ್ ಜಾನ್ ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ತಟ್ಟೆಯನ್ನು ಅಚ್ಚುಹಾಕುವವರು ಚೀಟಿ ತಪ್ಪದಂತೆ ಅಂಟಿಸಲೆಂಬುದು ಅದರ ಕಾರಣ. ಬೇರೇನೂ ಅಲ್ಲ, ಅದು ಹಾಡುಗಾರ್ತಿಯ ಅಂಕಿತ.

ಕನ್ನಡನಾಡಿನಲ್ಲಿಯೇ ಇನ್ನೊಂದು ಮಾದರಿಯುಂಟು. ದಕ್ಷಿಣ ಕನ್ನಡದ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರ ತಂಡ ಇಲ್ಲಿನ ವಿದ್ವಾಂಸರೊಡಗೂಡಿ ಧ್ವನಿಮುದ್ರಿಸಿತು. ಬರವಣಿಗೆಗೆ ಇಳಿಸಿದಾಗ ಅದು 15,683 ಸಾಲುಗಳಾಯಿತು. 1998ರಲ್ಲಿ ಅದು ಅಚ್ಚಾದಾಗ ಗ್ರಂಥದ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿತ್ತು. ಜನಪದ ಹಾಡು ‘ಜನ’ದ್ದು, ಅದಕ್ಕೆ ಹೆಸರೇಕೆ ಎನ್ನುತ್ತಿದ್ದ ಹಳೆಯ ಉದಾಸೀನಕ್ಕೆ ಅದು ತಕ್ಕ ಉತ್ತರ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು 2014ರಲ್ಲಿ ತೀರಿಕೊಂಡಾಗ ನಾಡು ಅವರನ್ನು ಹೆಸರಿಟ್ಟು ನೆನೆಯಿತು. ಓದು ಬರಹ ಬಾರದ ಆ ತಾಯಿಯ ಕಥನಗಳು ಧ್ವನಿಮುದ್ರಣಗೊಂಡು ಗ್ರಂಥರೂಪಕ್ಕೂ ಬಂದಿದ್ದವು. ಅವರ ಹಾಗೆಯೇ ಬುರ್ರ ಹಿಡಿದು ಎಡೆದೊರೆ ನಾಡಿನ ಹಳ್ಳಿಗಳನ್ನು ಸುತ್ತಿದ ಎಷ್ಟು ಹೆಂಗಸರ ಧ್ವನಿಗಳು ಚೀಟಿಯಿಲ್ಲದ ಡಬ್ಬಿಗಳಲ್ಲಿವೆಯೋ!

ಎರಡು ಗಡಿಯಾರಗಳು

ಸುರುಳಿಗಳನ್ನು ಕುರಿತ ಎಚ್ಚರಿಕೆಯ ಗಂಟೆ ಜಗತ್ತಿನಲ್ಲೆಲ್ಲ ಬಾರಿಸಿದೆ. ಯುನೆಸ್ಕೋ ಸಂಸ್ಥೆಯೂ ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘವೂ ಕೂಡಿ 2019ರಲ್ಲಿ ಕಾಂತಪಟ್ಟಿಗಳ ವಿಷಯವಾಗಿ ವಿಶೇಷ ಯೋಜನೆಯೊಂದನ್ನು ಕೈಗೊಂಡವು. ಪಟ್ಟಿ ಉಳಿದರೂ ಅದನ್ನು ನುಡಿಸುವ ಯಂತ್ರಗಳು, ಅವುಗಳ ಬಿಡಿಭಾಗಗಳು, ರಿಪೇರಿ ಬಲ್ಲ ಕೈಗಳು ಇಲ್ಲವಾಗುತ್ತಿವೆ ಎಂಬುದು ಅವುಗಳ ಆತಂಕ. ಇದು ಒಂದು ಗಡಿಯಾರ.

ಮತ್ತೊಂದು ಗಡಿಯಾರದ ಸದ್ದು ಕೇಳಿಸುವುದು ಕವಿತಾಳದಂಥ ಊರಿನಲ್ಲಿ ಮಾತ್ರ. ಎಂಬತ್ತರ ದಶಕದಲ್ಲಿ ಮುದ್ರಿಸಿದ ಪದವನ್ನು ಕೇಳಿದೊಡನೆ, ‘ಇದು ಇಂಥವರ ಧ್ವನಿ, ತಾಳ ಹಿಡಿದವರು ಇಂಥವರು, ಆ ವರ್ಷ ಬರಗಾಲವಿತ್ತು’ ಎಂದು ಹೇಳಬಲ್ಲ ಕಿವಿಗಳಿಗೆ ಈಗ ಎಪ್ಪತ್ತು ಎಂಬತ್ತು ವಯಸ್ಸು. ಯಂತ್ರವನ್ನು ಹೇಗಾದರೂ ಹುಡುಕಿ ತರಬಹುದು. ಆ ಕಿವಿಗಳನ್ನು ತರುವುದು ಎಲ್ಲಿಂದ? ಸುರುಳಿಯಲ್ಲಿನ ಧ್ವನಿಯನ್ನು ಉಳಿಸಿ ಅದರ ಗುರುತನ್ನು ಕಳೆದುಕೊಂಡರೆ, ಉಳಿಯುವುದು ಮಸ್ಕಿಯಿಲ್ಲದ ಶಾಸನ. ಆದ್ದರಿಂದ ಕೆಲಸ ಆರಂಭವಾಗಬೇಕಾದದ್ದು ಯಂತ್ರದಿಂದಲ್ಲ, ಹಿರಿಯರ ಪಕ್ಕದಲ್ಲಿ ಕುಳಿತು ಚೀಟಿ ಬರೆಯುವುದರಿಂದ.

ಬೆಂಗಳೂರು, ಹೈದರಾಬಾದು, ಮುಂಬಯಿಗಳಲ್ಲಿ ನೆಲಸಿರುವ ಎಷ್ಟೋ ಕುಟುಂಬಗಳ ಹಳೆಯ ಪೆಟ್ಟಿಗೆಗಳಲ್ಲಿಯೂ ಊರಿನ ಇಂಥ ಒಂದೆರಡು ಸುರುಳಿಗಳಿರುವುದುಂಟು. ಅವರಿಗೆ ಉಪಯೋಗವಾಗುವ ಕೆಲವು ಮಾತುಗಳು ಇಲ್ಲಿ ಅಪ್ರಸ್ತುತವಾಗಲಾರವು. ಸಿಕ್ಕೊಡನೆ ಆತುರದಿಂದ ಹಾಕಿ ಕೇಳಬಾರದು. ಮೊದಲು ಬೆನ್ನಿನ ಚಕ್ಕೆಗಳನ್ನು ಮುರಿಯಬೇಕು. ಬಿಳಿಯ ಬೂಷ್ಟು ಕಂಡರೆ ಬಲ್ಲವರ ಕೈಗೇ ಒಪ್ಪಿಸಬೇಕು. ಚೀಟಿಯಲ್ಲಿ ಇರುವುದನ್ನು ಇದ್ದಂತೆಯೇ, ತಪ್ಪಿದ್ದರೆ ತಪ್ಪನ್ನೂ ಸೇರಿಸಿ, ನಕಲು ಮಾಡಿಕೊಳ್ಳಬೇಕು. ಯಂತ್ರದ ತಲೆಯನ್ನು ಶುದ್ಧಿಮಾಡಿ, ಸುರುಳಿಯನ್ನು ಒಮ್ಮೆ ಕೊನೆಯವರೆಗೆ ಸುತ್ತಿ ಹಿಂದಕ್ಕೆ ತಂದು, ಅನಂತರ ನುಡಿಸಬೇಕು. ನುಡಿಸುತ್ತಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು; ಏಕೆಂದರೆ ಶಿಥಿಲವಾದ ಪಟ್ಟಿ ಎರಡನೆಯ ಸಲ ನುಡಿಯುವ ಭರವಸೆಯಿಲ್ಲ.

ಧ್ವನಿಭಂಡಾರಗಳು ಸೆಕೆಂಡಿಗೆ 96,000 ಅಳತೆಗಳಂತೆ, ಒಂದೊಂದು ಅಳತೆಗೆ 24 ಬಿಟ್ಟುಗಳಂತೆ ಧ್ವನಿಯನ್ನು ಇಳಿಸಿಕೊಳ್ಳುತ್ತವೆ. ಹೀಗೆ ಇಳಿಸಿದ ಒಂದು ಗಂಟೆಯ ಹಾಡು ಸುಮಾರು 2 ಗಿಗಾಬೈಟು ಜಾಗವನ್ನು ಬೇಡುತ್ತದೆ. ಫೋನಿನಲ್ಲಿ ಹಂಚುವ ಕುಗ್ಗಿಸಿದ ಪ್ರತಿ ಕೇಳುವುದಕ್ಕೆ ಸಾಕು, ಕಾಪಿಡುವುದಕ್ಕೆ ಸಾಲದು. ಪ್ರತಿ ಮೂರಿರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ತಾಳೆಗರಿಯ ಓಲೆಗಳನ್ನು ತಲೆಮಾರಿಗೊಮ್ಮೆ ನಕಲು ಮಾಡಿ ಉಳಿಸಿಕೊಂಡು ಬಂದವರ ಮಕ್ಕಳಿಗೆ ಈ ಧರ್ಮ ಹೊಸದೇನೂ ಅಲ್ಲ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ಬ್ಯಾಟರಿ ಸೊರಗಿದಾಗ ಮುದ್ರಿಸಿದ ಸುರುಳಿ ಸರಿಯಾದ ಯಂತ್ರದಲ್ಲಿ ವೇಗವಾಗಿ ಓಡುತ್ತದೆ. ಮುದುಕರ ಗಂಭೀರ ಕಂಠ ಹುಡುಗರ ಕಂಠವಾಗಿಬಿಡುತ್ತದೆ. ಇದನ್ನು ತಿದ್ದುವುದಕ್ಕೆ ಹಾರ್ಮೋನಿಯಂ ಸಹಾಯಕ್ಕೆ ಬರುತ್ತದೆ. ಅದರ ರೀಡುಗಳ ಶ್ರುತಿ ಸ್ಥಿರವಾದದ್ದು. ಅದನ್ನೇ ಅಳತೆಗೋಲಾಗಿ ಹಿಡಿದು ವೇಗವನ್ನು ಸರಿಪಡಿಸಬಹುದು. ಆ ಭಜನೆಯ ಪೆಟ್ಟಿಗೆ ಊರಿನ ಗುಡಿಯಲ್ಲಿ ಇನ್ನೂ ಇದ್ದರೆ ಕೆಲಸ ಇನ್ನಷ್ಟು ನಿಖರವಾಗುತ್ತದೆ.

ಇಳಿಸಿಕೊಂಡ ಮೇಲೆ ಇಡುವುದು ಎಲ್ಲಿ? ಹೆಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2011ರಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ, ಇವು ಕನ್ನಡನಾಡಿನಲ್ಲಿ ಜಾನಪದಕ್ಕೆಂದೇ ದುಡಿಯುವ ನೆಲೆಗಳು. ದೆಹಲಿಯ ನೆರೆಯ ಗುರುಗ್ರಾಮದಲ್ಲಿ, 1982ರಲ್ಲಿ ಆರಂಭವಾದ ಜನಾಂಗ ಸಂಗೀತದ ಧ್ವನಿಭಂಡಾರವೊಂದು ಪರದೇಶಗಳ ವಿದ್ವಾಂಸರು ಭಾರತದಲ್ಲಿ ಮುದ್ರಿಸಿ ಒಯ್ದ ಹಾಡುಗಳ ಪ್ರತಿಗಳನ್ನು ಮರಳಿ ಈ ದೇಶಕ್ಕೆ ತರಿಸುತ್ತ ಬಂದಿದೆ. ಹೊರಗೆ ಹೋದುದು ಹುಟ್ಟಿದ ನೆಲಕ್ಕೆ ಮರಳಬೇಕೆಂಬ ಆ ತತ್ತ್ವ ದೇಶಕ್ಕೆ ಹೇಗೋ ಊರಿಗೂ ಹಾಗೆಯೇ ಅನ್ವಯಿಸಬೇಕು. ಕವಿತಾಳದ ಸುರುಳಿ ಬೆಂಗಳೂರಿನ ಕಪಾಟನ್ನು ಸೇರಿದರೆ ಅರ್ಧ ಕೆಲಸವಾಯಿತು. ಅದರ ಪ್ರತಿ ಹಾಡಿದವರ ಮನೆಗೆ ಮರಳಿದಾಗಲೇ ಕೆಲಸ ಪೂರ್ತಿಯಾಗುವುದು. ಹಾಡಿದವರ, ಇಲ್ಲವೆ ಅವರ ಮಕ್ಕಳ ಒಪ್ಪಿಗೆಯಿಲ್ಲದೆ ಆ ಹಾಡನ್ನು ಲೋಕಕ್ಕೆ ಬಿತ್ತರಿಸುವುದು ಧರ್ಮವಲ್ಲವೆಂಬುದನ್ನೂ ಹೇಳಿಡಬೇಕು.

ರಾಯಚೂರು ನಗರದ ರಂಗಮಂದಿರ ಈ ಜಿಲ್ಲೆಯ ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ಹೆಸರನ್ನು ಹೊತ್ತಿದೆ. ಹಾಡುಗಾರನ ಹೆಸರನ್ನು ಕಟ್ಟಡದ ನೆತ್ತಿಯ ಮೇಲೆ ಬರೆಯಬಲ್ಲ ಸೀಮೆಗೆ, ಹಾಡುಗಾರರ ಹೆಸರನ್ನು ಒಂದು ಡಬ್ಬಿಯ ಚೀಟಿಯ ಮೇಲೆ ಬರೆಯುವುದು ಕಷ್ಟವೆ?

ಸಂಜೆಯ ಬಸ್ಸು ಸಿರವಾರದ ಕಡೆಗೆ ತಿರುಗುವ ಹೊತ್ತಿಗೆ ಬಂಡೆಗಳ ಗುಡ್ಡಗಳು ಕೆಂಪಾಗಿ ಮತ್ತೆ ಕಪ್ಪಾಗುತ್ತವೆ. ಹೊಲದಿಂದ ಮರಳಿದವರು ಕೈಕಾಲು ತೊಳೆದು ಗುಡಿಯ ಕಟ್ಟೆಗೆ ಬರುತ್ತಾರೆ. ತಾಳದ ಮೊದಲ ಸದ್ದು ಕೇಳಿಸುತ್ತದೆ. ಹಳೆಯ ಪದವೇ, ಹೊಸ ಕಂಠ. ಹಾಡು ಹೀಗೆ ಸತ್ತಿಲ್ಲವೆಂಬುದು ಸಂತೋಷದ ಸಂಗತಿ. ಪಕ್ಕದ ಮನೆಯ ಗೂಡಿನಲ್ಲಿ ಅದೇ ಪದವನ್ನು ನಲವತ್ತು ವರ್ಷಗಳ ಹಿಂದೆ ಹಾಡಿದ ಕಂಠವೂ ಮಲಗಿರಬಹುದು. ಈ ರಾತ್ರಿ ಕಟ್ಟೆಯ ಮೇಲೆ ಕುಳಿತವರಲ್ಲಿ ಒಬ್ಬರೋ ಇಬ್ಬರೋ ಆ ಧ್ವನಿ ಯಾರದೆಂದು ಹೇಳಬಲ್ಲರು. ಅವರನ್ನು ಕೇಳಿ ಬರೆದುಕೊಳ್ಳುವುದಕ್ಕೆ ಬೇಕಾದದ್ದು ಒಂದು ಪೆನ್ಸಿಲು, ಒಂದು ಚೂರು ಕಾಗದ.